ಲೋಗೋದಲ್ಲಿ ಬಣ್ಣ: ರಬ್ಬರ್ ಸೀಲಿನಿಂದ ಫ್ಲೆಕ್ಸ್‌ವರೆಗೆ ಒಂದೇ ಕೆಂಪು ಉಳಿಸಿಕೊಳ್ಳುವುದು ಹೇಗೆ

ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಸಂಘಕ್ಕೆ ಲೋಗೋ ಮಾಡಿಕೊಟ್ಟೆ. ಹಳದಿ ವೃತ್ತ, ಒಳಗೆ ಕೆಂಪು ದೀಪ, ಕೆಳಗೆ ಸಂಘದ ಹೆಸರು. ಲ್ಯಾಪ್‌ಟಾಪಿನಲ್ಲಿ ನೋಡಿ ಕಮಿಟಿಯವರೆಲ್ಲ ಖುಷಿಪಟ್ಟರು. ರಾಜ್ಯೋತ್ಸವದ ದಿನ ಹೋಗಿ ನೋಡಿದರೆ ವೇದಿಕೆಯ ಫ್ಲೆಕ್ಸ್‌ನಲ್ಲಿ ದೀಪ ಕಿತ್ತಳೆ, ಆಹ್ವಾನ ಪತ್ರಿಕೆಯಲ್ಲಿ ಇಟ್ಟಿಗೆ ಬಣ್ಣ, ಅತಿಥಿಗಳಿಗೆ ಹೊದಿಸಿದ ಶಾಲಿನ ಮೇಲೆ ಹೆಚ್ಚುಕಡಿಮೆ ಗುಲಾಬಿ. ಮೂರೂ ಒಂದೇ ಫೋಟೋದಲ್ಲಿ ಬಂದವು. ಖಜಾಂಚಿಯವರು ನಗುತ್ತಲೇ ಕೇಳಿದರು, "ಇದರಲ್ಲಿ ನಮ್ಮ ಕೆಂಪು ಯಾವುದು ಸಾರ್?"

ತಪ್ಪು ಪ್ರೆಸ್‌ನವರದ್ದಲ್ಲ, ನನ್ನದೇ. ನಾನು ಕೊಟ್ಟಿದ್ದು ವಾಟ್ಸಾಪ್‌ನಲ್ಲಿ ಕಳಿಸಿದ ಒಂದು ಜೆಪೆಗ್ ಚಿತ್ರ, ಅಷ್ಟೇ. "ಕೆಂಪು" ಅಂದರೆ ಯಾವ ಕೆಂಪು ಅಂತ ಎಲ್ಲೂ ಬರೆದಿರಲಿಲ್ಲ. ಮೂವರೂ ಅವರವರ ಕಣ್ಣಿಗೆ ಕಂಡ ಕೆಂಪನ್ನು ಹಾಕಿದ್ದರು. ಆಮೇಲೆ ಅದೇ ಸಂಘಕ್ಕೆ ಕೂತು ಎಲ್ಲವನ್ನೂ ಮೊದಲಿಂದ ಮಾಡಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಹಕಾರ ಸಂಘ, ಶಾಲೆ, ಟ್ರಸ್ಟ್, ಸಣ್ಣ ಕಂಪನಿ, ಯಾವುದಕ್ಕಾದರೂ ಇದು ಹೊಂದುತ್ತದೆ.

1. ಮೊದಲು ಬಣ್ಣವನ್ನು ಪಕ್ಕಕ್ಕಿಡಿ

ಲೋಗೋವನ್ನು ಬರೀ ಕಪ್ಪಿನಲ್ಲಿ ಮಾಡಿ. ಬೂದು ಬಣ್ಣವೂ ಬೇಡ, ಶೇಡಿಂಗ್ ಬೇಡ. ಕಪ್ಪು ಮತ್ತು ಖಾಲಿ ಜಾಗ, ಎರಡೇ.

ಯಾಕೆ ಅಂದರೆ ಸಂಸ್ಥೆಯ ದಿನನಿತ್ಯದ ಕೆಲಸದಲ್ಲಿ ಲೋಗೋ ಜಾಸ್ತಿ ಕಾಣುವುದು ಬಣ್ಣದಲ್ಲಿ ಅಲ್ಲ. ರಸೀದಿ ಪುಸ್ತಕ, ರಬ್ಬರ್ ಸೀಲು, ಲೇಸರ್ ಪ್ರಿಂಟರಿನಲ್ಲಿ ತೆಗೆದ ಪತ್ರ, ಅದರ ಜೆರಾಕ್ಸ್, ಆ ಜೆರಾಕ್ಸಿನ ಇನ್ನೊಂದು ಜೆರಾಕ್ಸ್. ಸೀಲಿನಲ್ಲಿ ನೇರಳೆ ಇಂಕು ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಅಲ್ಲಿ ನಿಲ್ಲದ ಲೋಗೋಗೆ ಎಷ್ಟು ಒಳ್ಳೆ ಬಣ್ಣ ಹಾಕಿದರೂ ಉಪಯೋಗವಿಲ್ಲ.

ಪರೀಕ್ಷೆ ಸುಲಭ. ಕಪ್ಪು ಲೋಗೋವನ್ನು 15 ಮಿಲಿಮೀಟರ್ ಅಗಲಕ್ಕೆ ಪ್ರಿಂಟ್ ಮಾಡಿ, ಹತ್ತಿರದ ಅಂಗಡಿಯಲ್ಲಿ ಎರಡು ಸಲ ಜೆರಾಕ್ಸ್ ಮಾಡಿಸಿ. ಹೆಸರು ಓದಲು ಬರುತ್ತದೆಯೇ? ಚಿತ್ರ ಗುರುತು ಸಿಗುತ್ತದೆಯೇ? ಇಲ್ಲ ಅಂದರೆ ಆಕಾರ ಸರಿಮಾಡಿ. ನಮ್ಮ ಸಂಘದ ದೀಪದಲ್ಲಿ ಜ್ವಾಲೆಯನ್ನು ಹಳದಿ-ಕೆಂಪು ಬೆರೆಸಿ ಮಾಡಿದ್ದೆ. ಕಪ್ಪಿನಲ್ಲಿ ಅದು ಈರುಳ್ಳಿಯ ಹಾಗೆ ಕಂಡಿತು. ಜ್ವಾಲೆಗೂ ಹಣತೆಗೂ ಮಧ್ಯೆ ಒಂದು ಗೆರೆ ಜಾಗ ಬಿಟ್ಟ ಮೇಲೆ ದೀಪವಾಯಿತು.

2. ಬಣ್ಣ ಆರಿಸುವ ಮುಂಚೆ ಬೀದಿಗೆ ಹೋಗಿ ಬನ್ನಿ

ನೀಲಿ ಅಂದರೆ ನಂಬಿಕೆ, ಹಸಿರು ಅಂದರೆ ಪ್ರಕೃತಿ, ಕೆಂಪು ಅಂದರೆ ಉತ್ಸಾಹ ಅನ್ನುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ನನಗೆ ಅವುಗಳ ಮೇಲೆ ಅಷ್ಟೇನೂ ಭರವಸೆ ಇಲ್ಲ. ಅದೇ ಕೆಂಪು ಕುಂಕುಮದಲ್ಲಿ ಶುಭ, ಟ್ರಾಫಿಕ್ ಸಿಗ್ನಲ್‌ನಲ್ಲಿ "ನಿಲ್ಲು". ಬಣ್ಣದ ಅರ್ಥ ಅದು ಎಲ್ಲಿ ಕೂತಿದೆ ಅನ್ನುವುದರ ಮೇಲೆ ಹೋಗುತ್ತದೆ.

ಅದರ ಬದಲು ನಿಮ್ಮ ಅಕ್ಕಪಕ್ಕ ಯಾರಿದ್ದಾರೆ ನೋಡಿ. ನೀವು ಪತ್ತಿನ ಸಹಕಾರ ಸಂಘ ಅಂದುಕೊಳ್ಳಿ. ಸ್ಟೇಟ್ ಬ್ಯಾಂಕ್ ನೀಲಿ. ಎಚ್‌ಡಿಎಫ್‌ಸಿಯಲ್ಲೂ ನೀಲಿ ಇದೆ, ಕೆನರಾ ಬ್ಯಾಂಕಿನಲ್ಲೂ ಇದೆ. "ನಂಬಿಕೆ" ಅಂತ ನೀವೂ ನೀಲಿ ಹಾಕಿದರೆ ಅದೇ ಬೀದಿಯಲ್ಲಿ ನಾಲ್ಕನೆಯ ನೀಲಿ ಬೋರ್ಡ್ ಆಗುತ್ತೀರಿ. ಕಡು ಮರೂನೋ ಎಲೆ ಹಸಿರೋ ಆದರೆ ದೂರದಿಂದಲೇ ಬೇರೆ ಅಂತ ಗೊತ್ತಾಗುತ್ತದೆ.

ಕನ್ನಡ ಸಂಘಗಳದ್ದು ಇದಕ್ಕೆ ಉಲ್ಟಾ ಕಷ್ಟ. ಅರವತ್ತರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ ನಮ್ಮೆಲ್ಲರ ಮನಸ್ಸಿನಲ್ಲಿ ಕೂತಿದೆ. ಬೇರೆ ಬಣ್ಣ ಹಾಕಿದರೆ "ಕನ್ನಡದ್ದು ಅನ್ನಿಸಲ್ಲ" ಅನ್ನುತ್ತಾರೆ. ಅದೇ ಬಣ್ಣ ಹಾಕಿದರೆ ಊರಿನ ಹತ್ತು ಸಂಘಗಳಲ್ಲಿ ಹನ್ನೊಂದನೆಯದು. ಹಾಗಿದ್ದಾಗ ಬಣ್ಣವನ್ನು ಒಪ್ಪಿಕೊಂಡು, ಬೇರೆತನವನ್ನು ಆಕಾರದಲ್ಲಿ ತೋರಿಸಬೇಕು. ನಾವು ಮಾಡಿದ್ದೂ ಅದನ್ನೇ.

ಎಷ್ಟು ಬಣ್ಣ? ಎರಡು. ಮೂರನೆಯದಕ್ಕೆ ನಿಮ್ಮ ಹತ್ತಿರ ಗಟ್ಟಿ ಕಾರಣ ಇರಬೇಕು. ಟೀ ಶರ್ಟಿನ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು, ಬೇರೆ ದುಡ್ಡೂ ಬೇಕು.

3. ಮುಟ್ಟಬಾರದ ಬಣ್ಣಗಳೂ ಇವೆ

ಊರಿನ ಕ್ಲಿನಿಕ್‌ಗಳಲ್ಲಿ, ಆಂಬುಲೆನ್ಸ್‌ಗಳ ಮೇಲೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಪ್ಲಸ್ ಗುರುತು ನೋಡಿರುತ್ತೀರಿ. ಅದು ರೆಡ್ ಕ್ರಾಸ್ ಲಾಂಛನ. ಯುದ್ಧದ ಸಮಯದಲ್ಲಿ ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆ ಮೀಸಲಾದದ್ದು. ಅನುಮತಿ ಇಲ್ಲದೆ ಬಳಸುವುದು 1960ರ ಜಿನೀವಾ ಕನ್ವೆನ್ಷನ್ಸ್ ಕಾಯ್ದೆಯ ಪ್ರಕಾರ ತಪ್ಪು. ಬಣ್ಣ ತಿರುಗಿಸಿ ಕೆಂಪಿನ ಮೇಲೆ ಬಿಳಿ ಹಾಕಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದು ಸ್ವಿಟ್ಜರ್ಲೆಂಡಿನ ಗುರುತು. ಅದಕ್ಕೂ ಅದೇ ಕಾಯ್ದೆಯ ರಕ್ಷಣೆ ಇದೆ. ಕ್ಲಿನಿಕ್‌ಗೆ ಪ್ಲಸ್ ಬೇಕೇ ಬೇಕು ಅಂದರೆ ಹಸಿರಿಗೆ ಹೋಗಿ.

ರಾಷ್ಟ್ರಧ್ವಜವನ್ನು ಲೋಗೋದಲ್ಲಿ ಹಾಕುವ ಆಸೆ ಬಹಳ ಜನಕ್ಕಿದೆ. 1950ರ ಲಾಂಛನಗಳು ಮತ್ತು ಹೆಸರುಗಳ ಕಾಯ್ದೆ ವ್ಯಾಪಾರದ ಗುರುತಿಗೆ ಅದನ್ನು ಬಳಸಲು ಬಿಡುವುದಿಲ್ಲ. ಅಶೋಕ ಸ್ತಂಭದ ಸಿಂಹಗಳಿಗೆ 2005ರ ಬೇರೆ ಕಾಯ್ದೆಯೇ ಇದೆ.

ಇನ್ನು ಪಕ್ಕದ ಕಂಪನಿಯ ಬಣ್ಣ. 2003ರಲ್ಲಿ ಕೋಲ್ಗೇಟ್ ಕಂಪನಿ ಆ್ಯಂಕರ್ ಮೇಲೆ ದೆಹಲಿ ಹೈಕೋರ್ಟಿಗೆ ಹೋಗಿತ್ತು. ತಕರಾರು ಹೆಸರಿನ ಬಗ್ಗೆ ಅಷ್ಟಲ್ಲ, ಹಲ್ಲುಪುಡಿ ಡಬ್ಬದ ಮೇಲಿನ ಕೆಂಪು-ಬಿಳಿ ಜೋಡಣೆಯ ಬಗ್ಗೆ. ಕೋರ್ಟು ಕೋಲ್ಗೇಟ್ ಕಡೆಗೇ ಒಲಿಯಿತು. ಓದಲು ಬಾರದವರು ಡಬ್ಬವನ್ನು ಬಣ್ಣದಿಂದಲೇ ಗುರುತಿಸುತ್ತಾರಲ್ಲ, ಅದೇ ಅಲ್ಲಿನ ತಿರುಳು. ಒಂದೇ ವ್ಯಾಪಾರದಲ್ಲಿ ಇರುವವರ ಬಣ್ಣದ ಜೋಡಿಯನ್ನು ಅದೇ ಅಳತೆಯಲ್ಲಿ ಎತ್ತಿಕೊಳ್ಳಬೇಡಿ.

4. ಕಣ್ಣಿಗೆ ಕಾಣುತ್ತದೆಯೇ? ಲೆಕ್ಕ ಹಾಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಎರಡು ಬಣ್ಣಗಳ ಮಧ್ಯೆ ಬೆಳಕಿನ ವ್ಯತ್ಯಾಸ ಎಷ್ಟು ಅಂತ ಅಳೆಯಲು ಒಂದು ಅನುಪಾತ ಇದೆ. ಕಾಂಟ್ರಾಸ್ಟ್ ಅನ್ನುತ್ತಾರೆ. ಬಿಳಿ-ಕಪ್ಪಿಗೆ ಅದು 21. ಬಿಳಿ-ಬಿಳಿಗೆ 1. ವೆಬ್‌ಸೈಟುಗಳ ನಿಯಮದಲ್ಲಿ ಸಾಮಾನ್ಯ ಅಕ್ಷರಕ್ಕೆ 4.5, ದೊಡ್ಡ ಅಕ್ಷರಕ್ಕೂ ಚಿತ್ರಕ್ಕೂ 3 ಇರಬೇಕು. ಲೋಗೋಗೆ ಆ ನಿಯಮದಿಂದ ವಿನಾಯಿತಿ ಇದೆ. ಆದರೆ ಓದುವವರ ಕಣ್ಣಿಗೆ ವಿನಾಯಿತಿ ಇಲ್ವಲ್ಲ. ಕಾಂಟ್ರಾಸ್ಟ್ ಚೆಕ್ಕರ್ ಅಂತ ಹುಡುಕಿ, ಎರಡು ಬಣ್ಣ ಹಾಕಿದರೆ ಲೆಕ್ಕ ಸಿಗುತ್ತದೆ.

ನಮ್ಮ ಸಂಘದ ಹಳದಿಯ ಆರ್‌ಜಿಬಿ (ಸ್ಕ್ರೀನಿನಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಎಷ್ಟೆಷ್ಟು ಅನ್ನುವ ಅಂಕಿ) 255, 205, 0. ಕೆಂಪಿನದು 200, 16, 46. ಲೆಕ್ಕ ಹೀಗೆ ಬಂತು:

ಬಿಳಿಯ ಮೇಲೆ ಹಳದಿ: 1.5
ಕೆಂಪಿನ ಮೇಲೆ ಹಳದಿ: 3.9
ಕೆಂಪಿನ ಮೇಲೆ ಬಿಳಿ: 5.9
ಹಳದಿಯ ಮೇಲೆ ಕಪ್ಪು: ಸುಮಾರು 14

ಈ ನಾಲ್ಕು ಸಾಲು ಓದಿದ ಮೇಲೆ ಲೋಗೋ ತಾನಾಗಿ ಬದಲಾಯಿತು. ಬಿಳಿ ಲೆಟರ್‌ಹೆಡ್ ಮೇಲೆ ಹಳದಿ ವೃತ್ತದ ಅಂಚು ಬಿಸಿಲಿನಲ್ಲಿ ಕಾಣುತ್ತಲೇ ಇರಲಿಲ್ಲ. 1.5 ಅಂದರೆ ಅದೇ. ವೃತ್ತಕ್ಕೆ ಕೆಂಪು ಬಳೆ ಹಾಕಿದೆ. ಹಳದಿಯಲ್ಲಿದ್ದ ಸ್ಥಾಪನೆಯ ವರ್ಷವನ್ನು ಕೆಂಪು ಮಾಡಿದೆ. ಹೆಸರನ್ನು ಕೆಂಪಿನ ಮೇಲೆ ಹಳದಿಯಲ್ಲಿ ಬರೆಯಿರಿ ಅಂತ ಅಧ್ಯಕ್ಷರು ಹೇಳಿದ್ದರು. ದೊಡ್ಡ ಬೋರ್ಡ್‌ಗೆ ಅದು ನಡೆಯುತ್ತದೆ, ವಿಸಿಟಿಂಗ್ ಕಾರ್ಡ್‌ಗೆ ಆಗುವುದಿಲ್ಲ. ಅಲ್ಲಿ ಬಿಳಿ.

ಬೋರ್ಡಿನಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಆಗ ಕೆಲವು ಅಂಗಡಿಗಳು ಇಂಗ್ಲಿಷನ್ನು ಕಡು ನೀಲಿಯಲ್ಲಿ, ಕನ್ನಡವನ್ನು ಬಿಳಿಯ ಮೇಲೆ ತಿಳಿ ಹಳದಿಯಲ್ಲಿ ಬರೆಸಿದ್ದವು. ಅಳತೆ ಸರಿ ಇದೆ, ಓದಲು ಮಾತ್ರ ಆಗಲ್ಲ!

ಕೆಂಪು-ಹಸಿರು ಜೋಡಿಯ ಬಗ್ಗೆ ಬೇರೆಯಾಗಿ ಹೇಳಬೇಕು. ಮೇಲಿನ ಕೆಂಪನ್ನು ಒಂದು ಮಧ್ಯಮ ಹಸಿರಿನ (0, 128, 0) ಮೇಲೆ ಇಟ್ಟರೆ ಕಾಂಟ್ರಾಸ್ಟ್ ಬರೀ 1.1. ಬಣ್ಣದಲ್ಲಿ ಜೋರಾಗಿ ಕಾಣುತ್ತದೆ, ಜೆರಾಕ್ಸ್ ಮಾಡಿದರೆ ಎರಡೂ ಒಂದೇ ಬೂದು. ಕೆಂಪು-ಹಸಿರು ವ್ಯತ್ಯಾಸ ಕಾಣದವರ ಪಾಡೂ ಅದೇ, ಅಂಥವರು ಗಂಡಸರಲ್ಲೇ ಜಾಸ್ತಿ. ಫೇಸ್‌ಬುಕ್ ಯಾಕೆ ನೀಲಿ ಗೊತ್ತಾ? ಮಾರ್ಕ್ ಝಕರ್‌ಬರ್ಗ್‌ಗೆ ಕೆಂಪು-ಹಸಿರು ಸರಿಯಾಗಿ ಕಾಣುವುದಿಲ್ಲ. ತನಗೆ ಚೆನ್ನಾಗಿ ಕಾಣುವ ಬಣ್ಣ ನೀಲಿ ಅಂತ ಅವರೇ ಹೇಳಿದ್ದಾರೆ. ಕಂಪ್ಯೂಟರಿನಲ್ಲಿ ಲೋಗೋವನ್ನು ಗ್ರೇಸ್ಕೇಲ್ ಮಾಡಿ ನೋಡುವ ಅಭ್ಯಾಸ ಇಟ್ಟುಕೊಂಡರೆ ಈ ಸಮಸ್ಯೆ ಮೊದಲೇ ಸಿಕ್ಕಿಬೀಳುತ್ತದೆ.

5. ಹೊಟ್ಟೆ ಸೀಳಿದ ಅಕ್ಷರಗಳನ್ನು ಕಾಪಾಡಿ

ಹೊರಗಿನ ಪಾಠಗಳಲ್ಲಿ ಸಿಗದ ವಿಷಯ ಇದು, ಕನ್ನಡ ಲೋಗೋಗೆ ಸೇರಿದ್ದು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಇವುಗಳ ನಡುವೆ ಇರುವುದು ಒಂದು ಸಣ್ಣ ಸೀಳು. ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣ (ಸಿಯಾನ್ ಅನ್ನುವ ತಿಳಿ ನೀಲಿ, ಮಜೆಂಟಾ ಅನ್ನುವ ಗುಲಾಬಿ-ಕೆಂಪು, ಹಳದಿ, ಕಪ್ಪು) ನಾಲ್ಕು ಪ್ಲೇಟ್‌ಗಳಿಂದ ಒಂದರ ಮೇಲೊಂದು ಬೀಳುತ್ತವೆ. ಒಂದು ಕೂದಲೆಳೆಯಷ್ಟು ಆಚೀಚೆ ಆದರೂ ಸೀಳು ಮುಚ್ಚಿಹೋಗುತ್ತದೆ. ಕೆಂಪು ಅಕ್ಷರಕ್ಕೆ ಹಳದಿ ಔಟ್‌ಲೈನ್, ಅದರ ಹೊರಗೆ ಕಪ್ಪು ನೆರಳು ಅಂತ ಹಾಕಿದರಂತೂ ಮುಗಿಯಿತು. "ಧರ್ಮಶಾಲೆ" ಹೋಗಿ "ದರ್ಮಶಾಲೆ" ಆಗುತ್ತದೆ, ಒತ್ತಕ್ಷರಗಳು ಉಂಡೆಯಾಗುತ್ತವೆ. ಪ್ರೆಸ್‌ನವರು ತಪ್ಪು ಟೈಪ್ ಮಾಡಿದ್ದಾರೆ ಅಂತ ಜನ ಬೈಯುತ್ತಾರೆ.

ಹಾಗಾಗಿ ಸಣ್ಣ ಅಕ್ಷರಕ್ಕೆ ಒಂದೇ ಇಂಕು. ಕಪ್ಪಾದರೆ ಶುದ್ಧ ಕಪ್ಪು, ಅಂದರೆ ಸಿಎಂವೈಕೆಯಲ್ಲಿ (ಆ ನಾಲ್ಕು ಇಂಕುಗಳ ಶೇಕಡಾ ಲೆಕ್ಕ) 0, 0, 0, 100. ನಾಲ್ಕೂ ಇಂಕು ಬೆರೆಸಿದ ಕಪ್ಪು ದೊಡ್ಡ ಪಟ್ಟಿಗೆ ಚೆಂದ, ಅಕ್ಷರಕ್ಕೆ ಬೇಡ. ಔಟ್‌ಲೈನ್ ಹಾಕಲೇಬೇಕು ಅಂದರೆ ದೊಡ್ಡ ಬೋರ್ಡಿನ ಆವೃತ್ತಿಗೆ ಮಾತ್ರ ಇರಲಿ.

6. ಬಣ್ಣವನ್ನು ಅಂಕಿಯಲ್ಲಿ ಬರೆಯಿರಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ. ಅದಕ್ಕೆ ಐಎಸ್ 1 ಅನ್ನುವ ಮಾನದಂಡ ಇದೆ. ನೂಲು, ಅಳತೆ, ಹೊಲಿಗೆ ಮಾತ್ರವಲ್ಲ, ಕೇಸರಿ ಅಂದರೆ ಯಾವ ಕೇಸರಿ ಅನ್ನುವುದೂ ಅದರಲ್ಲಿ ಅಂಕಿಗಳಲ್ಲಿದೆ. "ಸ್ವಲ್ಪ ಕಿತ್ತಳೆ ಥರ" ಅನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ. ನಿಮ್ಮ ಲೋಗೋಗೂ ಅಂಥ ಅಂಕಿ ಬೇಕು. ಒಂದಲ್ಲ, ಮೂರು.

ಮೊದಲನೆಯದು ಆರ್‌ಜಿಬಿ. ಮೊಬೈಲು, ಟಿವಿ, ವೆಬ್‌ಸೈಟು, ಬೆಳಕಿನಿಂದ ಬಣ್ಣ ಮಾಡುವ ಎಲ್ಲ ಕಡೆಗೂ ಇದೇ. ಹೆಕ್ಸ್ ಕೋಡ್ ಅನ್ನುವುದು ಇದೇ ಅಂಕಿಯ ಇನ್ನೊಂದು ಬರವಣಿಗೆ.

ಎರಡನೆಯದು ಸಿಎಂವೈಕೆ. ಕಾಗದದ ಮೇಲೆ ಇಂಕಿನಿಂದ ಬಣ್ಣ ಮಾಡುವಾಗ ಇದು. ನಮ್ಮ ಹಳದಿಗೆ 0, 20, 100, 0, ಕೆಂಪಿಗೆ 0, 100, 80, 10 ಅಂತ ಇಟ್ಟೆವು. ಸ್ಕ್ರೀನ್ ಮೇಲೆ ಮಿಂಚುವ ಗಿಳಿಹಸಿರು, ಹೊಳೆಯುವ ನೀಲಿ, ಉರಿಯುವ ಕಿತ್ತಳೆ, ಇವು ಇಂಕಿನಲ್ಲಿ ಬರುವುದೇ ಇಲ್ಲ. ಎಷ್ಟು ದುಡ್ಡು ಕೊಟ್ಟರೂ ನಾಲ್ಕು ಬಣ್ಣದ ಪ್ರೆಸ್‌ನಲ್ಲಿ ಮಂಕಾಗುತ್ತವೆ. ಅದಕ್ಕೇ ನಾನು ಮೊದಲು ಕಾಗದದ ಮೇಲೆ ಬರುವ ಬಣ್ಣ ಆರಿಸಿ, ಆಮೇಲೆ ಅದಕ್ಕೆ ಹೊಂದುವ ಸ್ಕ್ರೀನ್ ಬಣ್ಣ ಹುಡುಕುತ್ತೇನೆ. ಉಲ್ಟಾ ಹೋದವರಿಗೆ ನಿರಾಸೆ ಗ್ಯಾರಂಟಿ.

ನೀಲಿ ಆರಿಸಿದವರಿಗೆ ಒಂದು ಕಿವಿಮಾತು. ಸಿಯಾನ್ ಮತ್ತು ಮಜೆಂಟಾ ಹತ್ತಿರ ಹತ್ತಿರ ಇದ್ದರೆ ನೀಲಿ ಪ್ರಿಂಟಿನಲ್ಲಿ ನೇರಳೆಗೆ ತಿರುಗುತ್ತದೆ. 100, 90 ಅಂತ ಇದ್ದರೆ ಮಜೆಂಟಾವನ್ನು 70ಕ್ಕೆ ಇಳಿಸಿ. ಕನಿಷ್ಠ 30ರ ಅಂತರ ಇರಲಿ.

ಮೂರನೆಯದು ಪ್ಯಾಂಟೋನ್. 1963ರಲ್ಲಿ ಶುರುವಾದ ಪದ್ಧತಿ. ಒಂದೊಂದು ಬಣ್ಣಕ್ಕೂ ಒಂದು ನಂಬರ್, ಮೊದಲೇ ಬೆರೆಸಿದ ಇಂಕು. ಟಿಫನಿ ಆಭರಣ ಕಂಪನಿಯ ತಿಳಿ ನೀಲಿಗೆ 1837 ಅನ್ನುವ ನಂಬರೇ ಇದೆ, ಕಂಪನಿ ಹುಟ್ಟಿದ ವರ್ಷ. ನಮಗೆ ಅಷ್ಟು ಶೋಕಿ ಬೇಡ. ಸಂಘದ ಕೆಂಪಿಗೆ 186 ಸಿ, ಹಳದಿಗೆ 116 ಸಿ ಸಾಕಾಯಿತು. ಇಲ್ಲಿ ಸಿ ಅಂದರೆ ನುಣುಪು ಆರ್ಟ್ ಪೇಪರ್, ಯು ಅಂದರೆ ಲೆಟರ್‌ಹೆಡ್‌ನಂಥ ಒರಟು ಕಾಗದ. ಅದೇ ಇಂಕನ್ನು ಒರಟು ಕಾಗದ ಹೀರಿಕೊಂಡು ಮಂಕಾಗಿಸುತ್ತದೆ. ಪ್ಯಾಂಟೋನ್ ಪುಸ್ತಕ ದುಬಾರಿ, ಕೊಳ್ಳಬೇಕಿಲ್ಲ. ದೊಡ್ಡ ಆಫ್‌ಸೆಟ್ ಪ್ರೆಸ್‌ನಲ್ಲಿ ಕೇಳಿದರೆ ತೋರಿಸುತ್ತಾರೆ. ಬರೀ ಎರಡು ಬಣ್ಣದ ಕೆಲಸವಾದರೆ ಪ್ಯಾಂಟೋನ್ ಇಂಕಿಗೆ ಎರಡೇ ಪ್ಲೇಟು ಸಾಕು ಅನ್ನುವುದನ್ನೂ ನೆನಪಿಡಿ.

7. ಹಿನ್ನೆಲೆಗೆ ತಕ್ಕ ನಾಲ್ಕು ಲೋಗೋ

ಬಿಳಿ ಹಿನ್ನೆಲೆಗೆ ಪೂರ್ತಿ ಬಣ್ಣದ್ದು. ಕಡು ಹಿನ್ನೆಲೆಗೆ ಇನ್ನೊಂದು. ಬರೀ ಕಪ್ಪು. ಬರೀ ಬಿಳಿ. ಇಷ್ಟು ಸಾಕು. ಮೊಬೈಲ್ ಡಾರ್ಕ್ ಮೋಡ್‌ನಲ್ಲಿದ್ದಾಗ ಕಡು ಮರೂನ್ ಲೋಗೋ ಮಾಯವಾಗುತ್ತದೆ, ಅದಕ್ಕೆ ಎರಡನೆಯದು. ಫೋಟೋ ಮೇಲೆ ಲೋಗೋ ಹಾಕುವಾಗ ಕೊನೆಯ ಎರಡರಲ್ಲಿ ಒಂದು. ಲೋಗೋ ಹಿಂದೆ ಬಿಳಿ ಚೌಕ ಅಂಟಿಸಿದ ಹಾಗೆ ಕಾಣುವುದು ಪಾರದರ್ಶಕ ಫೈಲ್ ಇಲ್ಲದವರ ಗುರುತು.

8. ಪ್ರೆಸ್‌ನಲ್ಲಿ, ಬೋರ್ಡ್ ಅಂಗಡಿಯಲ್ಲಿ, ಶಾಲಿನ ಅಂಗಡಿಯಲ್ಲಿ

ಸೀರೆ ಅಂಗಡಿಯಲ್ಲಿ ಅಮ್ಮಂದಿರು ಏನು ಮಾಡುತ್ತಾರೆ? ಟ್ಯೂಬ್‌ಲೈಟ್ ಕೆಳಗೆ ನೋಡಿದ್ದನ್ನು ನಂಬುವುದಿಲ್ಲ. ಸೆರಗು ಹಿಡಿದು ಬಾಗಿಲಿಗೆ ಬಂದು ಹಗಲಿನ ಬೆಳಕಿನಲ್ಲಿ ನೋಡುತ್ತಾರೆ. ಪ್ರೂಫ್ ನೋಡುವಾಗ ಅದನ್ನೇ ಮಾಡಿ. ಒಂದು ದೀಪದ ಕೆಳಗೆ ಒಂದೇ ಥರ ಕಂಡ ಎರಡು ಕೆಂಪು, ಇನ್ನೊಂದರ ಕೆಳಗೆ ಬೇರೆ ಬೇರೆ ಕಾಣಬಹುದು.

ಫೋನಿಗೆ ಬಂದ ಪ್ರೂಫ್ ಅಕ್ಷರದ ತಪ್ಪು ಹುಡುಕಲು ಸರಿ, ಬಣ್ಣಕ್ಕೆ ಅಲ್ಲ. ಫ್ಲೆಕ್ಸ್ ಆದರೆ ಲೋಗೋದ ಒಂದು ಅಡಿ ತುಂಡನ್ನು ಅದೇ ಮೆಷಿನ್‌ನಲ್ಲಿ ಹೊಡೆಸಿ ನೋಡಿ. ಹಿಂದಿನಿಂದ ದೀಪ ಬೀಳುವ ಬೋರ್ಡ್ ಆದರೆ ದೀಪ ಹಾಕಿ, ಕತ್ತಲಾದ ಮೇಲೆ ನೋಡಿ. ಹಗಲಲ್ಲಿ ಕಡುಗೆಂಪು ಆಗಿದ್ದದ್ದು ರಾತ್ರಿ ಬೆಳ್ಳಗಾಗುತ್ತದೆ.

ವಿನೈಲ್, ಅಕ್ರಿಲಿಕ್, ಕಸೂತಿ ದಾರ, ಇವುಗಳಲ್ಲಿ ಬಣ್ಣ ಬೆರೆಸಲು ಬರುವುದಿಲ್ಲ. ಕಂಪನಿಯ ಶೇಡ್ ಕಾರ್ಡ್‌ನಲ್ಲಿ ಇರುವುದರಲ್ಲೇ ಹತ್ತಿರದ್ದನ್ನು ಆರಿಸಬೇಕು. "ಇದೇ ಬಣ್ಣ ಕೊಡಿ" ಅಂತ ಹಟ ಹಿಡಿದು ಪ್ರಯೋಜನವಿಲ್ಲ. ನಿಮ್ಮ ಮಾದರಿ ಕಾಗದವನ್ನು ಶೇಡ್ ಕಾರ್ಡ್ ಪಕ್ಕ ಇಟ್ಟು ಆರಿಸಿ, ಆ ಶೇಡ್ ನಂಬರನ್ನು ಬರೆದುಕೊಳ್ಳಿ. ಮುಂದಿನ ವರ್ಷ ಅದೇ ನಂಬರ್ ಕೇಳಿದರಾಯಿತು. ಶಾಲು ಗುಲಾಬಿಯಾಗಿದ್ದ ನಮ್ಮ ಸಂಘ ಈಗ ಮಾಡುವುದು ಇಷ್ಟೇ.

ಬಿಸಿಲಿನಲ್ಲಿ ನಿಲ್ಲುವ ಬೋರ್ಡಿಗೆ ಇನ್ನೊಂದು ಯೋಚನೆ. ಬಸ್ ಸ್ಟ್ಯಾಂಡ್ ಗೋಡೆಯ ಹಳೇ ಪೋಸ್ಟರ್‌ಗಳು ಎಲ್ಲ ನೀಲಿ ನೀಲಿ ಆಗಿರುತ್ತವೆ, ಗಮನಿಸಿದ್ದೀರಾ? ಹಳದಿ, ಮಜೆಂಟಾ ಮೊದಲು ಬಿಸಿಲಿಗೆ ಹೋಗುತ್ತವೆ, ಸಿಯಾನ್ ಮತ್ತು ಕಪ್ಪು ಉಳಿಯುತ್ತವೆ. ಕೆಂಪು-ಹಳದಿ ಲೋಗೋದವರಿಗೆ ಇದು ನೇರ ಹೊಡೆತ. ಖಾಯಂ ಬೋರ್ಡಿಗೆ ಪ್ರಿಂಟ್ ಮಾಡಿದ್ದಕ್ಕಿಂತ ಬಣ್ಣದ ವಿನೈಲ್ ಕತ್ತರಿಸಿ ಅಂಟಿಸಿದ್ದು ಅಥವಾ ಅಕ್ರಿಲಿಕ್ ಅಕ್ಷರ ಹೆಚ್ಚು ದಿನ ಬಾಳುತ್ತದೆ.

9. ಟ್ರೇಡ್‌ಮಾರ್ಕ್ ಅರ್ಜಿ ಹಾಕುವುದಾದರೆ

ಬಣ್ಣದ ಲೋಗೋ ಕೊಡುವುದೋ ಕಪ್ಪು-ಬಿಳುಪಿನದೋ ಅಂತ ಎಲ್ಲರೂ ಕೇಳುತ್ತಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಬಣ್ಣದ ಮಿತಿ ಹಾಕದೆ ನೋಂದಾಯಿಸಿದ ಗುರುತು ಎಲ್ಲ ಬಣ್ಣಗಳಿಗೂ ನೋಂದಣಿಯಾದ ಹಾಗೆ. ಬಣ್ಣದ ಜೋಡಿಯೇ ನಿಮ್ಮ ಗುರುತಾಗಿದ್ದರೆ ಮಾತ್ರ ಬಣ್ಣದಲ್ಲಿ ಕೇಳುವುದು ಲಾಭ. ಉಳಿದವರಿಗೆ ಮೊದಲ ಹೆಜ್ಜೆಯಲ್ಲಿ ಮಾಡಿದ ಕಪ್ಪು ಲೋಗೋ ಇಲ್ಲೂ ಕೆಲಸಕ್ಕೆ ಬರುತ್ತದೆ.

10. ಒಂದು ಹಾಳೆ, ಒಂದು ಫೋಲ್ಡರ್

ಫೋಲ್ಡರಿನಲ್ಲಿ ಇರಬೇಕಾದ್ದು: ಪ್ರೆಸ್‌ಗೆ ಕೋರಲ್‌ಡ್ರಾ ಮತ್ತು ಪಿಡಿಎಫ್, ಸ್ಕ್ರೀನ್‌ಗೆ ಎಸ್‌ವಿಜಿ ಮತ್ತು ಪಾರದರ್ಶಕ ಪಿಎನ್‌ಜಿ. ಅಕ್ಷರಗಳನ್ನು ಕರ್ವ್ಸ್ (ಫಾಂಟ್ ಬೇಡದ ಬರೀ ಆಕಾರ) ಮಾಡಿಯೇ ಕೊಡಿ. ಇಲ್ಲದಿದ್ದರೆ ನಿಮ್ಮ ನುಡಿ ಫಾಂಟು ಅವರ ಕಂಪ್ಯೂಟರಿನಲ್ಲಿ ಇಲ್ಲದೆ ಹೆಸರೇ ಗೀಚಿದ ಹಾಗೆ ಆಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಹಾಳೆಯಲ್ಲಿ ಎರಡು ಬಣ್ಣದ ಚೌಕ, ಪ್ರತಿಯೊಂದರ ಕೆಳಗೆ ಮೂರು ಅಂಕಿ, ವಿನೈಲ್ ಮತ್ತು ದಾರದ ಶೇಡ್ ನಂಬರ್, ನಾಲ್ಕು ಲೋಗೋಗಳ ಚಿತ್ರ. ನಮ್ಮ ಸಂಘದ ಹಾಳೆಯಲ್ಲಿ ಕೊನೆಗೆ "ಹಳದಿ ಅಕ್ಷರ ಬಿಳಿಯ ಮೇಲೆ ಬೇಡ" ಅಂತ ಒಂದು ಸಾಲೂ ಇದೆ, ಅಧ್ಯಕ್ಷರೇ ಬರೆಸಿದ್ದು. ಒಳ್ಳೆ ಆಫ್‌ಸೆಟ್ ಪ್ರೆಸ್‌ನಲ್ಲಿ ಆರ್ಟ್ ಪೇಪರ್ ಮೇಲೆ ಹತ್ತು ಪ್ರತಿ ಮಾಡಿಸಿ. ನೀವು ಹಗಲಿನಲ್ಲಿ ನೋಡಿ ಒಪ್ಪಿದ ಪ್ರತಿಗೆ ಸಹಿ, ತಾರೀಖು ಹಾಕಿ. ಆಫೀಸಿನ ಗೋಡೆಗೆ ಅಂಟಿಸಬೇಡಿ, ಕಿಟಕಿಯ ಬಿಸಿಲಿಗೆ ಅದೂ ಬಸ್ ಸ್ಟ್ಯಾಂಡ್ ಪೋಸ್ಟರ್ ಆಗಿಬಿಡುತ್ತದೆ. ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಡಿ. ಪ್ರೆಸ್‌ಗೆ ಹೋಗುವವರು ಯಾರೇ ಆಗಲಿ, ಪೆನ್‌ಡ್ರೈವ್ ಜೊತೆ ಅದನ್ನೂ ತೆಗೆದುಕೊಂಡು ಹೋಗಲಿ, ವಾಪಸ್ಸೂ ತರಲಿ.